ಯಾವ ಕೀ ಹಾಕಿದರೂ ತಿರುಗುತ್ತಿದ್ದ ಜೀಪು

ಕೊಯ್ಲು ಶುರುವಾದ ಮೇಲೆ ಏನೂ ಬರೆಯೋದಕ್ಕೆ ಆಗಿರಲಿಲ್ಲ. ಈ ಸಲ ಕೊಳೆಯಲ್ಲಿ ಎಷ್ಟು ಹೋಯ್ತು, ಎಷ್ಟು ಉಳೀತು ಅಂತ ಬರೆಯುತ್ತೇನೆ ಅಂದಿದ್ದೆ. ಅದು ಮುಂದಿನ ಸಲ. ಇವತ್ತು ಜೀಪಿನ ಕೀ ವಿಷಯ. ಕೀ ಬಗ್ಗೆ ಇಷ್ಟುದ್ದ ಬರೆಯೋದೇನಿದೆ ಅಂತ ಅನ್ನಿಸಬಹುದು. ಆದರೂ ಕೊನೆತನಕ ಓದಿ. ನಮ್ಮ ಕಡೆ ಎರಡು ಮನೆಗೆ ಒಂದು ಇಂಥ ಗಾಡಿ ಇದ್ದೇ ಇದೆ.

ನಮ್ಮದು 1994ರ ಎಂಎಂ 540. ನಾನು 2006ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಪಿಜೋ ಡೀಸೆಲ್ ಇಂಜಿನ್, 2112 ಸಿಸಿ. ನಮ್ಮ ಮನೆ ಏರು ನೋಡಿದವರಿಗೆ ಗೊತ್ತು, ಮಳೆಗಾಲದಲ್ಲಿ ಅಲ್ಲಿ ಬೇರೆ ಗಾಡಿ ಹತ್ತೋದಿಲ್ಲ. ಗೊಬ್ಬರದ ಚೀಲ, ಅಡಿಕೆ ಗೊನೆ, ಡೀಸೆಲ್ ಕ್ಯಾನು, ಹುಷಾರಿಲ್ಲದ ಕರು, ಎಲ್ಲಾ ಹೊತ್ತಿದೆ. ಅಪ್ಪನನ್ನ ಕೊನೇ ಸಲ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದೂ ಅದರಲ್ಲೇ. ಹಾಗಾಗಿ ಅದರ ಮೇಲೆ ಸ್ವಲ್ಪ ಸಲುಗೆ ಜಾಸ್ತಿ.

ಕೀ ಸಮಸ್ಯೆ ಶುರುವಾಗಿ ಐದಾರು ವರ್ಷ ಆಗಿತ್ತು. ಮೊದಲು ಕೀ ಬಿಗಿ ಬರ್ತಿತ್ತು, ಅಲ್ಲಾಡಿಸಿ ಅಲ್ಲಾಡಿಸಿ ತಿರುಗಿಸಬೇಕು. ಆಮೇಲೆ ಉಲ್ಟಾ ಆಯ್ತು. ಯಾವ ಕೀ ಹಾಕಿದರೂ ತಿರುಗೋದಕ್ಕೆ ಶುರುವಾಯ್ತು. ಗೋದಾಮಿನ ಕೀ ಆಗುತ್ತೆ, ಪಂಪ್‌ಸೆಟ್ ಶೆಡ್ಡಿನ ಬೀಗದ ಕೀನೂ ಆಗುತ್ತೆ. ಓಡ್ತಾ ಇರುವಾಗಲೇ ಕೀ ಎಳೆದು ಜೇಬಿಗೆ ಹಾಕಿಕೊಳ್ಳಬಹುದು. ನಾನು ಅದನ್ನ ಸರಿ ಮಾಡಿಸಲಿಲ್ಲ, ಅದನ್ನೇ ದೊಡ್ಡಸ್ತಿಕೆ ಮಾಡ್ಕೊಂಡೆ. ಒಂದು ಮದುವೆ ಮನೆ ಅಂಗಳದಲ್ಲಿ ಶೆಡ್ಡಿನ ಬೀಗದ ಕೀ ಹಾಕಿ ಸ್ಟಾರ್ಟ್ ಮಾಡಿ ತೋರಿಸಿದ್ದೆ. ಎಲ್ಲರೂ ನಕ್ಕರು. ಮಗಳ ಮಗ, ಆರು ವರ್ಷದವನು, ನನ್ನ ಪಕ್ಕದ ಸೀಟಲ್ಲೇ ಕೂತಿದ್ದ. ಅವನೂ ನಕ್ಕ.

ಇನ್ನೊಂದು ಸಮಸ್ಯೆಯೂ ಸೇರಿಕೊಂಡಿತ್ತು. ಸ್ಟಾರ್ಟ್ ಆದ ಮೇಲೆ ಕೈ ಬಿಟ್ಟರೆ ಕೀ ತಾನಾಗಿ ಹಿಂದಕ್ಕೆ ಬರಬೇಕು. ಅದಕ್ಕೊಂದು ಸ್ಪ್ರಿಂಗ್ ಇರುತ್ತೆ. ನಮ್ಮದರಲ್ಲಿ ಬರ್ತಿರಲಿಲ್ಲ, ಕೈಯಲ್ಲೇ ಹಿಂದಕ್ಕೆ ತಿರುಗಿಸಬೇಕು. ನನಗೆ ಅದು ಎಷ್ಟು ರೂಢಿಯಾಗಿತ್ತು ಅಂದರೆ, ಅದೊಂದು ರಿಪೇರಿ ಅನ್ನೋದೇ ಮರೆತುಹೋಗಿತ್ತು.

ಹೋದ ತಿಂಗಳು ಕ್ರಿಸ್‌ಮಸ್ ರಜೆಗೆ ಮಗಳು, ಮೊಮ್ಮಗ ಬಂದಿದ್ದರು. ಬೆಳಿಗ್ಗೆ ಎಂಟು ಗಂಟೆ, ಇನ್ನೂ ಮಂಜು ಬಿಟ್ಟಿರಲಿಲ್ಲ. ನಮ್ಮ ಮನೆಯವಳು, ಇನ್ನಿಬ್ಬರು ಹೆಂಗಸರು ಚಪ್ಪರದ ಕೆಳಗೆ ಅಡಿಕೆ ಸುಲೀತಿದ್ದರು. ಜೀಪು ಅವರಿಂದ ಹನ್ನೆರಡು ಅಡಿ ದೂರದಲ್ಲಿ, ಅವರ ಕಡೆಗೇ ಮುಖ ಮಾಡಿ ನಿಂತಿತ್ತು. ಹ್ಯಾಂಡ್‌ಬ್ರೇಕ್ ಹಿಡಿಯೋದಿಲ್ಲ ಅಂತ ಫಸ್ಟ್ ಗೇರಿಗೆ ಹಾಕಿ ನಿಲ್ಲಿಸಿದ್ದೆ.

ನಾನು ಬಚ್ಚಲ ಒಲೆಗೆ ಸೌದೆ ಇಡ್ತಿದ್ದೆ. ಕರ್ರ್ ಕರ್ರ್ ಅಂತ ಸ್ಟಾರ್ಟರ್ ಶಬ್ದ ಕೇಳಿತು. ಹಿಂದೆಯೇ ಹೆಂಗಸರ ಕೂಗು. ಓಡಿ ಬಂದೆ. ಜೀಪು ಕುಪ್ಪಳಿಸಿಕೊಂಡು ಮುಂದೆ ಹೋಗ್ತಾ ಇದೆ. ಹುಡುಗ ಸೀಟಿನ ಮೇಲೆ ಎರಡೂ ಕೈ ಎತ್ತಿಕೊಂಡು ಕೂತಿದ್ದಾನೆ. ಕೀ ಬಿಟ್ಟುಬಿಟ್ಟಿದ್ದಾನೆ, ಆದರೂ ಗಾಡಿ ನಿಲ್ತಾ ಇಲ್ಲ. ಆ ಇಬ್ಬರು ಎದ್ದು ಪಕ್ಕಕ್ಕೆ ಹಾರಿದರು. ಮೆಟ್ಟುಗತ್ತಿ ಮುಂದೆ ಕೂತವರು ಬೇಗ ಏಳೋದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತು. ಇವಳಿಗೆ ಮಂಡಿ ನೋವು ಬೇರೆ. ನಾನು ಪಕ್ಕದಿಂದ ಕೈ ಹಾಕಿ ಕೀ ತಿರುಗಿಸಿದೆ. ಬಂಪರ್ ಅವಳ ಮಂಡಿಯಿಂದ ಎರಡು ಅಡಿ ದೂರ ಇತ್ತು. ಮುಂದಿನ ಚಕ್ರ ಅಡಿಕೆ ರಾಶಿ ಹತ್ತಿ ನಿಂತಿತ್ತು.

ಇಂಜಿನ್ ಹತ್ತಿರಲಿಲ್ಲ. ಈ ಇಂಜಿನ್‌ಗೆ ಚಳಿಯಲ್ಲಿ ಹೀಟರ್ ಹಿಡಿಯದಿದ್ದರೆ ಸುಲಭದಲ್ಲಿ ಸ್ಟಾರ್ಟ್ ಆಗಲ್ಲ. ದಿನಾ ಬೆಳಿಗ್ಗೆ ಅದಕ್ಕೆ ಬೈಯ್ತಿದ್ದೆ. ಅವತ್ತು ಅದೇ ನಮ್ಮನ್ನ ಉಳಿಸಿತು. ಗಾಡಿ ಅಷ್ಟು ದೂರ ಬಂದಿದ್ದು ಬರೀ ಸ್ಟಾರ್ಟರ್ ಮೋಟಾರಿನ ಬಲದಲ್ಲಿ.

ಹುಡುಗನಿಗೆ ಹೊಡೆಯೋದಕ್ಕೆ ಕೈ ಎತ್ತಿದ್ದೆ. ಅವನ ಕೈಯಲ್ಲಿದ್ದದ್ದು ಬಾಗಿಲ ಪಕ್ಕ ಮೊಳೆಗೆ ನೇತುಹಾಕಿದ್ದ ಶೆಡ್ಡಿನ ಕೀ. "ಅಜ್ಜಾ, ನೀನು ಮದುವೆ ಮನೇಲಿ ಮಾಡಿದ ಹಾಗೇ ಮಾಡ್ದೆ" ಅಂದ. ಎತ್ತಿದ ಕೈ ಹಾಗೇ ಇಳೀತು.

ಇವಳು ಇಡೀ ದಿನ ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಬಡಿಸ್ತಾ ಒಂದೇ ಮಾತು ಕೇಳಿದಳು. "ಗೊಬ್ಬರಕ್ಕೆ, ಔಷಧಿಗೆ ಎಲ್ಲಿಂದಾದರೂ ದುಡ್ಡು ಹೊಂದಿಸ್ತೀರಿ. ಒಂದು ಕೀಗೆ ಆಗ್ಲಿಲ್ವಾ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಾರನೇ ದಿನವೇ ಪೇಟೆಗೆ ಹೋದೆ. ಎಲೆಕ್ಟ್ರಿಷಿಯನ್ ಹುಡುಗ ಮೊದಲು ಹೇಳಿದ್ದು, "ಅಣ್ಣಾ, ಕೀ ಯಾಕೆ? ಒಂದು ಸ್ವಿಚ್ಚು, ಒಂದು ಪುಶ್ ಬಟನ್ ಹಾಕಿಬಿಡ್ತೀನಿ, ಜೀವಮಾನ ಪೂರ್ತಿ ಬರುತ್ತೆ." ಎಷ್ಟೋ ಹಳೇ ಗಾಡಿಗೆ ಹಾಗೇ ಹಾಕಿದ್ದಾರೆ. ಹಿಂದಿನ ದಿನ ಆಗಿದ್ದನ್ನ ಹೇಳಿದೆ. ಬಟನ್ ಒತ್ತೋದಕ್ಕೆ ಮಗುವಿಗೆ ಕೀನೂ ಬೇಡ. ಅವನೂ ಸುಮ್ಮನಾದ.

ಅಂಗಡಿಯಲ್ಲಿ ಮೊದಲು ಕೊಟ್ಟ ಸ್ವಿಚ್ಚು ಅಗ್ಗದ್ದು. ಪಕ್ಕದ ಡಬ್ಬಿಯ ಕೀ ತೆಗೆದು ಇದಕ್ಕೆ ಹಾಕಿ ನೋಡಿದೆ, ತಿರುಗಿತು! ವಾಪಸ್ ಕೊಟ್ಟು ಬೇರೆ ತಗೊಂಡೆ, 650 ರೂಪಾಯಿ. ನೀವೂ ಅಂಗಡಿಯಲ್ಲೇ ಈ ಪರೀಕ್ಷೆ ಮಾಡಿ. ಕೈ ಬಿಟ್ಟಾಗ ಕೀ ತಾನಾಗಿ ಹಿಂದೆ ಬರುತ್ತಾ ಅಂತಲೂ ನೋಡಿ. ಹಳೇ ಕೀಗೆ ಡುಪ್ಲಿಕೇಟ್ ಮಾಡಿಸಿದರೆ ಸಾಕಲ್ವಾ ಅಂತ ಕೇಳ್ತೀರಿ. ಸವೆದ ಕೀ ನೋಡಿ ಕೊರೆದರೆ ಆ ಸವೆತವೂ ಹೊಸ ಕೀಗೆ ಬರುತ್ತೆ. ಅಲ್ಲದೆ ಬೀಗದ ಒಳಗೇ ಸವೆದಿದ್ದರೆ ಎಂಥ ಕೀ ಮಾಡಿಸಿಯೂ ಪ್ರಯೋಜನ ಇಲ್ಲ.

ಕೆಲಸ ಮಾಡಿದ ಕ್ರಮ ಹೇಳ್ತೀನಿ. ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ಕಳಚಿದ್ದು. ಇದನ್ನ ಬಿಟ್ಟು ಸ್ವಿಚ್ಚಿಗೆ ಕೈ ಹಾಕಬೇಡಿ. ಡ್ಯಾಶ್‌ಬೋರ್ಡ್ ಮೇಲೆ ಕೀ ಸುತ್ತ ಒಂದು ರಿಂಗ್ ನಟ್ಟು ಇರುತ್ತೆ, ಅದನ್ನ ಬಿಚ್ಚಿದರೆ ಸ್ವಿಚ್ಚು ಹಿಂದಿನಿಂದ ಕೈಗೆ ಬರುತ್ತೆ. ವೈರ್ ಕಳಚೋ ಮೊದಲು ಮೊಬೈಲಲ್ಲಿ ಫೋಟೋ ತೆಗೆದೆವು. ಹಿಂದಿನ ಓನರ್ ಯಾವಾಗಲೋ ಎಲ್ಲಾ ವೈರನ್ನೂ ಒಂದೇ ಕೆಂಪು ಬಣ್ಣದ್ದು ಹಾಕಿಸಿದ್ದ, ಫೋಟೋ ನೋಡಿದರೂ ಯಾವುದು ಯಾವುದು ಅಂತ ಗೊತ್ತಾಗಲ್ಲ. ಅದಕ್ಕೆ ಒಂದೊಂದಕ್ಕೂ ಟೇಪ್ ಸುತ್ತಿ ನಂಬರ್ ಬರೆದೆವು. ಸಾಮಾನ್ಯವಾಗಿ 30 ಅಥವಾ ಬಿ ಅಂತ ಇರೋದು ಬ್ಯಾಟರಿಯಿಂದ ಬಂದ ವೈರು, 15 ಅಥವಾ ಐಜಿ ಅನ್ನೋದು ಇಗ್ನಿಷನ್, 50 ಅಥವಾ ಎಸ್‌ಟಿ ಅನ್ನೋದು ಸ್ಟಾರ್ಟರ್. ಹೀಟರ್‌ದು ಬೇರೆ. ಗುರುತು ಒಂದೊಂದು ಕಂಪನಿಯದ್ದು ಒಂದೊಂದು ಥರ. ಆದ್ದರಿಂದ ಟೆಸ್ಟ್ ಲ್ಯಾಂಪ್ ಹಿಡಿದು ನೋಡಿಯೇ ಕೂರಿಸಬೇಕು.

ಹಳೇ ಸ್ವಿಚ್ಚನ್ನ ಮನೆಗೆ ತಂದು ಬಿಚ್ಚಿದೆ. ಒಳಗಿನ ಹಿತ್ತಾಳೆ ಪಟ್ಟಿಗಳು ಸವೆದು ನುಣ್ಣಗಾಗಿದ್ದವು. ಸ್ಪ್ರಿಂಗ್ ಎರಡು ತುಂಡು. ಕಾಂಟ್ಯಾಕ್ಟ್ ಸುಟ್ಟು ಕಪ್ಪಾಗಿತ್ತು. ಸವೆಯೋದಕ್ಕೆ ನಾನೇ ಕಾರಣ. ಜೀಪಿನ ಕೀ ಜೊತೆಗೆ ಗೇಟು, ಗೋದಾಮು, ಶೆಡ್ಡು ಎಲ್ಲಾ ಸೇರಿಸಿ ಒಂದು ಗೊಂಚಲು ಕಟ್ಟಿದ್ದೆ. ನಮ್ಮ ರಸ್ತೆಯ ಕುಲುಕಿಗೆ ಆ ಭಾರ ವರ್ಷಗಟ್ಟಲೆ ಜೋತಾಡಿ ಬೀಗವನ್ನ ಅಗಲ ಮಾಡಿದೆ. ಬಿಗಿ ಬಂದಾಗ ಎಣ್ಣೆ ಬಿಟ್ಟಿದ್ದೂ ತಪ್ಪು, ಎಣ್ಣೆಗೆ ಧೂಳು ಸೇರಿ ಮಸಿ ಆಗುತ್ತೆ. ಗ್ರಾಫೈಟ್ ಪುಡಿ ಹಾಕಬೇಕು.

ಸ್ಟಾರ್ಟರ್ ಸೊಲೆನಾಯ್ಡಿಗೆ ಹೋಗೋ ಕರೆಂಟೆಲ್ಲಾ ಕೀ ಸ್ವಿಚ್ಚಿನ ಮೂಲಕವೇ ಹೋಗ್ತಿತ್ತು. ಹುಡುಗ ಮಧ್ಯೆ ಒಂದು ರಿಲೇ ಹಾಕಿಕೊಟ್ಟ. ಈಗ ಸ್ವಿಚ್ಚಿನ ಮೇಲೆ ಭಾರ ಕಮ್ಮಿ, ಕಾಂಟ್ಯಾಕ್ಟ್ ಬೇಗ ಸುಡಲ್ಲ. ಬ್ಯಾಟರಿಗೆ ಒಂದು ಕಟ್-ಆಫ್ ಸ್ವಿಚ್ಚೂ ಹಾಕಿಸಿದೆ, ರಾತ್ರಿ ತಿರುಗಿಸಿಟ್ಟು ಮಲಗ್ತೀನಿ. ಹ್ಯಾಂಡ್‌ಬ್ರೇಕ್ ಟೈಟ್ ಮಾಡಿಸಿದೆ. ಎಲ್ಲಾ ಸೇರಿ 2,400 ರೂಪಾಯಿ, ಅರ್ಧ ದಿನದ ಕೆಲಸ. ಅರ್ಧ ದಿನಕ್ಕೆ ಮುಗಿಯೋದನ್ನ ಐದು ವರ್ಷ ಮುಂದಕ್ಕೆ ಹಾಕಿದ್ದೆ.

ಒಂದು ನೆನಪಿಡಿ. ಈಗಿನ ಎಷ್ಟೋ ಗಾಡಿಗಳಲ್ಲಿ ಕ್ಲಚ್ ಒತ್ತದೆ ಸ್ಟಾರ್ಟರ್ ತಿರುಗಲ್ಲ. ನಮ್ಮ ಹಳೇ ಜೀಪುಗಳಲ್ಲಿ ಆ ವ್ಯವಸ್ಥೆ ಇಲ್ಲ. ಗೇರಿನಲ್ಲಿ ನಿಲ್ಲಿಸಿದ ಗಾಡಿಗೆ ಕೀ ತಿರುಗಿಸಿದರೆ ಗಾಡಿ ಹೊರಟೇಬಿಡುತ್ತೆ. ಇಳಿಜಾರಲ್ಲಿ ಗೇರು ಹಾಕಿ ನಿಲ್ಲಿಸೋದನ್ನ ಬಿಡೋದಕ್ಕೆ ಆಗಲ್ಲ, ಚಕ್ರಕ್ಕೆ ಕಲ್ಲೂ ಕೊಡಿ. ಜನ ಕೂರೋ ಕಡೆಗೆ ಮುಖ ಮಾಡಿ ನಿಲ್ಲಿಸಬೇಡಿ.

ಇವತ್ತು ಸಂಜೆ ನಿಮ್ಮ ಗಾಡಿಗೆ ಬೇರೆ ಕೀ ಹಾಕಿ ನೋಡಿ. ನ್ಯೂಟ್ರಲ್ ಮಾಡಿಕೊಂಡು ನೋಡಿ. ತಿರುಗಿದರೆ ನಗಬೇಡಿ, ನಾಳೆಯೇ ಪೇಟೆಗೆ ಹೋಗಿ. ಮಕ್ಕಳ ಎದುರಿಗಂತೂ ಈ ಪರೀಕ್ಷೆ ಮಾಡಲೇಬೇಡಿ.

ಮೊಮ್ಮಗ ಮೊನ್ನೆ ಫೋನಲ್ಲಿ, "ಅಜ್ಜಾ, ಹೊಸ ಕೀ ಎಲ್ಲಿಡ್ತೀಯಾ?" ಅಂತ ಕೇಳಿದ. ಹೇಳಲಿಲ್ಲ. ಈಗ ಅದು ಒಂಟಿ ಕೀ, ನನ್ನ ಅಂಗಿ ಜೇಬಿನಲ್ಲೇ ಇರುತ್ತೆ.

ಸುಲಿತ ಇನ್ನೂ ಒಂದು ವಾರ ಇದೆ. ಕೊಳೆ ಲೆಕ್ಕ ಅದು ಮುಗಿದ ಮೇಲೆ ಬರೆಯುತ್ತೇನೆ.