ಶನಿವಾರವಾಡೆಯ ಕೂಗು

ಪುಣೆಯಲ್ಲಿ ನೆಲೆಸಿದ ನಮ್ಮಂಥ ಕನ್ನಡಿಗರಿಗೆ ಶನಿವಾರವಾಡೆಯೆಂದರೆ ದಿನನಿತ್ಯ ಬಸ್ಸಿನ ಕಿಟಕಿಯಿಂದ ಕಾಣುವ ಕಲ್ಲಿನ ಗೋಡೆ. ಊರಿನಿಂದ ನೆಂಟರು ಬಂದಾಗ ತೋರಿಸಲೇಬೇಕಾದ ತಾಣ. ಮೊದಲನೆಯ ಬಾಜೀರಾವ್ ಪೇಶ್ವೆ 1732ರಲ್ಲಿ ಪ್ರವೇಶ ಮಾಡಿದ ಆ ಅರಮನೆ 1828ರ ಬೆಂಕಿಯಲ್ಲಿ ದಿನಗಟ್ಟಲೆ ಉರಿದುಹೋಯಿತು. ಈಗ ಉಳಿದಿರುವುದು ಕೋಟೆಗೋಡೆ, ಐದು ಬಾಗಿಲುಗಳು, ಒಳಗೆ ಬರಿಯ ತಳಪಾಯ. ಇವುಗಳ ಜೊತೆಗೆ ಒಂದು ಕೂಗೂ ಸುಡದೆ ಉಳಿದಿದೆಯೆಂದು ಊರು ನಂಬುತ್ತದೆ. ಹಳೆಯ ಪುಣೆಯ ದೆವ್ವದ ಕಥೆಗಳನ್ನು ಹೇಳುತ್ತ ಕರೆದೊಯ್ಯುವ ಸಂಜೆಯ ನಡಿಗೆಗಳು ಅದಕ್ಕಾಗಿಯೇ ಇಲ್ಲಿ ನಿಲ್ಲುತ್ತವೆ.

ಧಾರವಾಡದಿಂದ ಬಂದಿದ್ದ ಅವ್ವನನ್ನು ಅಂಥದೊಂದು ನಡಿಗೆಗೆ ಕರೆದೊಯ್ದಿದ್ದೆ. ಹತ್ತು ಹನ್ನೆರಡು ಜನ ಇದ್ದೆವು. ಮೊಳೆಗಳು ಚಾಚಿಕೊಂಡಿರುವ ದಿಲ್ಲಿ ದರವಾಜೆಯ ಮುಂದೆ ಕತ್ತಲಿಳಿಯುವ ಹೊತ್ತಿಗೆ ಮಾರ್ಗದರ್ಶಿ ಹುಡುಗ ದನಿ ತಗ್ಗಿಸಿ ಕಥೆ ಆರಂಭಿಸಿದ.

ಅಣ್ಣ ಮಾಧವರಾವ್ 1772ರಲ್ಲಿ ಕ್ಷಯದಿಂದ ತೀರಿಕೊಂಡ ಮೇಲೆ ನಾರಾಯಣರಾವ್ ಪೇಶ್ವೆಯಾದ. ಅಧಿಕಾರದ ಆಸೆಯಿದ್ದ ಚಿಕ್ಕಪ್ಪ ರಘುನಾಥರಾವ್ ಅದೇ ವಾಡೆಯಲ್ಲಿ ಕಾವಲಿನಲ್ಲಿದ್ದ. 1773ರ ಆಗಸ್ಟ್ 30ರಂದು, ಗಣೇಶೋತ್ಸವದ ದಿನಗಳಲ್ಲಿ, ಕಾವಲಿನ ಗಾರದಿ ಸಿಪಾಯಿಗಳು ಸಂಬಳದ ನೆಪದಲ್ಲಿ ಒಳನುಗ್ಗಿದರು. ಹದಿನೆಂಟರ ಹುಡುಗ ಓಡಿದ್ದು ಚಿಕ್ಕಪ್ಪನ ಕೋಣೆಗೆ. ‘ಕಾಕಾ, ಮಲಾ ವಾಚವಾ’ ಎಂಬ ಅವನ ಕೂಗು ಹುಣ್ಣಿಮೆಯ ರಾತ್ರಿಗಳಲ್ಲಿ ಇಂದಿಗೂ ಕೇಳುತ್ತದೆಯಂತೆ.

ನಾನು ಅನುವಾದಿಸಲು ಹೊರಟೆ. ಅವ್ವ ಕೈ ಅಡ್ಡ ಹಿಡಿದಳು. ‘ಕಾಕಾ’ ಎಂಬುದಕ್ಕೆ ಧಾರವಾಡದವರಿಗೆ ಅನುವಾದ ಬೇಕಿಲ್ಲ. ನಮ್ಮ ಮನೆಯಲ್ಲೂ ಅಪ್ಪನ ತಮ್ಮ ಕಾಕಾನೇ. ಅಪ್ಪ ಬೈದಾಗ ಮಕ್ಕಳು ಓಡಿ ಅವಿತುಕೊಳ್ಳುತ್ತಿದ್ದುದು ಅವರ ಬೆನ್ನ ಹಿಂದೆ. “ಅಯ್ಯೋ, ಅವನ ಹಂತ್ಯಾಕನ ಓಡಿ ಹ್ವಾದನಾ?” ಎಂದಳು ಅವ್ವ. ಈ ಕಥೆಯ ಭಯವಿರುವುದು ದೆವ್ವದಲ್ಲಲ್ಲ, ಆ ಹುಡುಗ ಆಸರೆಗೆ ಆರಿಸಿಕೊಂಡ ಬಾಗಿಲಿನಲ್ಲಿ ಎಂದು ನನಗೆ ಆಗ ಹೊಳೆಯಿತು.

ಮಾರ್ಗದರ್ಶಿ ಕಥೆಯ ಇನ್ನೊಂದು ಎಳೆಗೆ ಬಂದ. ರಘುನಾಥರಾವ್ ಬರೆದದ್ದು ‘ಧರಾವೇ’, ಅಂದರೆ ಹಿಡಿಯಿರಿ ಎಂದು. ಹೆಂಡತಿ ಆನಂದೀಬಾಯಿ ಒಂದಕ್ಷರ ತಿದ್ದಿ ‘ಮಾರಾವೇ’, ಕೊಲ್ಲಿರಿ, ಎಂದು ಮಾಡಿದಳಂತೆ. ದಾಖಲೆ ತಿರುಚುವುದಕ್ಕೆ ಮರಾಠಿಯಲ್ಲಿ ‘ಧ ಚಾ ಮಾ ಕರಣೇ’ ಎಂಬ ನುಡಿಗಟ್ಟು ಹುಟ್ಟಿದ್ದು ಹೀಗೆ. ಇದು ದಂತಕಥೆಯಷ್ಟೇ ಎಂದು ಹಲವು ಇತಿಹಾಸಕಾರರು ಹೇಳುತ್ತಾರೆ. ನ್ಯಾಯಾಧೀಶ ರಾಮಶಾಸ್ತ್ರಿ ಪ್ರಭುಣೆಯವರು ವಿಚಾರಣೆ ನಡೆಸಿ ಬೊಟ್ಟು ಮಾಡಿದ್ದು ರಘುನಾಥರಾವ್‌ನ ಕಡೆಗೇ. ಆದರೆ ಜನರ ನಾಲಗೆಯ ಮೇಲೆ ಉಳಿದದ್ದು ಶಾಸ್ತ್ರಿಗಳ ತೀರ್ಪಲ್ಲ, ಹೆಂಗಸೊಬ್ಬಳ ಲೇಖನಿ. ಮನೆಯ ಗಂಡಸಿನ ಪಾಪವನ್ನು ಹೆಂಡತಿಯ ಸೆರಗಿಗೆ ಕಟ್ಟುವುದು ಕಥೆಗಳಿಗೆ ಸುಲಭ.

“ಆ ಹುಡುಗನ ಹೇಂತಿ ಏನಾದಳು? ಕೇಳು ಅವರನ್ನ” ಎಂದಳು ಅವ್ವ. ಕೇಳಿದೆ. ಹುಡುಗ ಉತ್ಸಾಹದಿಂದ ವಿವರಿಸಿದ. ಗಂಗಾಬಾಯಿ ಆಗ ಗರ್ಭಿಣಿ. 1774ರ ಏಪ್ರಿಲ್‌ನಲ್ಲಿ ಪುರಂದರ ಕೋಟೆಯಲ್ಲಿ ಗಂಡುಮಗು ಹುಟ್ಟಿತು; 40 ದಿನಗಳ ಆ ಕೂಸಿಗೇ ಪೇಶ್ವೆ ಪದವಿಯ ಉಡುಗೊರೆ ತೊಡಿಸಿದರು. ಆ ಸವಾಯಿ ಮಾಧವರಾವ್ 1795ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಇದೇ ವಾಡೆಯ ಮಹಡಿಯಿಂದ ಬಿದ್ದು ಸತ್ತ. ತಂದೆಯ ಕೂಗಿನ ಅಬ್ಬರದಲ್ಲಿ ಮಗನ ಸಾವು ನಡಿಗೆಯವರ ಕಿವಿಗೆ ಬೀಳುವುದೇ ಅಪರೂಪ.

ಬಲಕ್ಕೆ ತಿರುಗಿ ನಾರಾಯಣ ದರವಾಜೆಯ ಬಳಿ ಬಂದೆವು. ಹುಡುಗನ ದೇಹವನ್ನು ಹೊರತಂದದ್ದು ಈ ಬಾಗಿಲಿನಿಂದ. ಆ ದಿನ ಅವನೊಬ್ಬನೇ ಸಾಯಲಿಲ್ಲ. ಅಡ್ಡ ಬಂದ ಸೇವಕರೂ ದಾಸಿಯರೂ ಸತ್ತರು ಎಂದು ಮಾರ್ಗದರ್ಶಿ ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೊರಟ.

ಅವ್ವ ಅಲ್ಲೇ ನಿಂತಳು. “ಅವರ ದನಿ ಯಾರಿಗೂ ಕೇಳಸೂದುಲ್ಲೇನು?” ಎಂದು ನನ್ನನ್ನು ಕೇಳಿದಳು. ಉತ್ತರ ಕಾಯದೆ ತಾನೇ ಹೇಳಿದಳು: “ದೆವ್ವ ಆಗಾಕೂ ಹೆಸರ ಬೇಕು ಕಾಣಸ್ತೈತಿ.”

ಎರಡು ಶತಮಾನ ದಾಟಿದರೂ ಪುಣೆ ಪೇಶ್ವೆಯ ಕೂಗನ್ನು ಮರೆತಿಲ್ಲ. ಅದು ಊರಿನ ಪಾಪಪ್ರಜ್ಞೆಯೂ ಇರಬಹುದು. ಆದರೆ ನೆನಪೂ ದೊಡ್ಡ ಮನೆಯ ಬಾಗಿಲನ್ನೇ ಮೊದಲು ತಟ್ಟುತ್ತದೆ. ಒಡೆಯನ ಜೀವ ಉಳಿಸಲು ಕತ್ತಿಗೆ ಎದುರಾದ ದಾಸಿ ಯಾರನ್ನು ಕಾಕಾ ಎಂದು ಕರೆಯಬೇಕಿತ್ತು?

ಮುಠಾ ನದಿಯ ದಡದ ಓಂಕಾರೇಶ್ವರದ ಬಳಿ ನಡಿಗೆ ಮುಗಿಯಿತು. ಅವ್ವನ ಮಾತನ್ನು ಮಾರ್ಗದರ್ಶಿಗೆ ಮರಾಠಿಯಲ್ಲಿ ಹೇಳಿದೆ. ಅವನು ನಗಲಿಲ್ಲ. “ಆಜಿಗೆ ಹೇಳಿ, ಮುಂದಿನ ಶನಿವಾರ ಆ ಬಾಗಿಲ ಬಳಿ ಇನ್ನಷ್ಟು ಹೊತ್ತು ನಿಲ್ಲುತ್ತೇನೆ” ಎಂದ.