ಅಗಲ ಕಣ್ಣಿನ ಪುಟ್ಟ ಲೆನ್ಸು

ವಿಜಯನಗರದ ನಮ್ಮ ಮನೆಯ ಹಾಲ್‌ನ ಗೋಡೆಯಲ್ಲಿ ಒಂದು ಮೊಳೆ ಆರು ವರ್ಷ ಖಾಲಿಯಾಗಿಯೇ ಇತ್ತು. 2017ರ ಜನವರಿಯಲ್ಲಿ ನಾವು ವಿಜಯಪುರಕ್ಕೆ ಹೊರಡುವ ಹಿಂದಿನ ದಿನ ಅಮ್ಮ ಅದನ್ನು ಹೊಡೆಸಿದ್ದರು. ಶಾಲೆಯ ಪುಸ್ತಕದಲ್ಲಿ ಓದಿದ್ದ ಗೋಲಗುಂಬಜವನ್ನು ನೋಡುವುದು ಅವರ ಬಹುಕಾಲದ ಆಸೆ. ಅದರೊಳಗೆ ತಾವಿರುವ ಒಂದು ಚಿತ್ರ ಆ ಮೊಳೆಯಲ್ಲಿ ತೂಗಬೇಕೆಂಬುದು ಅದರ ಜತೆಗಿನ ಇನ್ನೊಂದು ಆಸೆ. ‘ಅದಕ್ಕೇನಮ್ಮ, ಹೊಸ ಲೆನ್ಸ್ ಇದೆಯಲ್ಲ’ ಎಂದು ನಾವಿಬ್ಬರು ಅಣ್ಣತಮ್ಮಂದಿರು ಧೈರ್ಯವಾಗಿ ಹೇಳಿದ್ದೆವು.

ಊರು ಸುತ್ತುತ್ತಾ ಫೋಟೋ ತೆಗೆಯುವವರಿಗೆಲ್ಲ ಒಂದು ಕಷ್ಟ ಗೊತ್ತಿರುತ್ತದೆ. ಕ್ಯಾಮರಾದ ಜತೆಗೆ ಬರುವ 18-55 ಮಿ.ಮೀ. ಲೆನ್ಸಿನಲ್ಲಿ ಎತ್ತರದ ಕಟ್ಟಡದ ತಲೆ ಕತ್ತರಿಸಿ ಹೋಗುತ್ತದೆ. ಹಿಂದಕ್ಕೆ ಸರಿಯೋಣವೆಂದರೆ ಬೆನ್ನಿಗೆ ಗೋಡೆ ತಾಗುತ್ತದೆ. ಇದಕ್ಕೆ ಬೇಕಾದದ್ದು ಅತಿ ಅಗಲ ನೋಟದ ಲೆನ್ಸು. ಕ್ಯಾನನ್ ಕಂಪೆನಿ 2004ರಲ್ಲಿ ತಂದ 10-22 ಮಿ.ಮೀ. ಲೆನ್ಸ್ 385 ಗ್ರಾಂ ತೂಗುತ್ತಿತ್ತು, ಬೆಲೆಯೂ ನಮ್ಮಂಥವರ ಕೈಗೆ ಎಟುಕುವಂತಿರಲಿಲ್ಲ. 2014ರಲ್ಲಿ ಅದೇ ಕಂಪೆನಿಯ 10-18 ಮಿ.ಮೀ. ಜೂಮ್ ಲೆನ್ಸ್ ಬಂತು. ತೂಕ ಬರೇ 240 ಗ್ರಾಂ, ಮುಷ್ಟಿಯಲ್ಲಿ ಹಿಡಿಯುವಷ್ಟು ಗಾತ್ರ. 2017ರಲ್ಲಿ ನಿಕಾನ್ ಕೂಡ 230 ಗ್ರಾಮಿನ 10-20 ಮಿ.ಮೀ. ಲೆನ್ಸನ್ನು ತಂದಿತು. ಮೈಯೆಲ್ಲ ಪ್ಲಾಸ್ಟಿಕ್ಕಾದ್ದರಿಂದ ಇವು ಹಗುರ. ಮಂದ ಬೆಳಕಿಗೆ ಹೇಳಿ ಮಾಡಿಸಿದವಲ್ಲ. ಆದರೆ ಕೈನಡುಕವನ್ನು ಸರಿದೂಗಿಸುವ ವ್ಯವಸ್ಥೆ ಒಳಗೇ ಇದೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮೊದಲೇ ಅನುಮತಿ ಪಡೆಯಬೇಕು. ಕತ್ತಲೆಯ ಗುಂಬಜಿನೊಳಗೆ ಕ್ಯಾಮರಾವನ್ನು ಕೈಯಲ್ಲೇ ಹಿಡಿದು ತೆಗೆಯಬೇಕಾದವರಿಗೆ ಇದು ದೊಡ್ಡ ಉಪಕಾರ.

ನಾವು ಕೊಂಡದ್ದು ಕ್ಯಾನನ್ನಿನದು. 18ರಲ್ಲಿ ಅದು ಒಂದು ಮೂಲೆಯಿಂದ ಎದುರು ಮೂಲೆಗೆ ಸುಮಾರು 74 ಡಿಗ್ರಿಯನ್ನು ನೋಡಿದರೆ, 10ರಲ್ಲಿ 107 ಡಿಗ್ರಿಯಷ್ಟನ್ನು ನೋಡುತ್ತದೆ. ತಂದ ದಿನ ನಮ್ಮ ಅಡುಗೆಮನೆಯನ್ನು ತೆಗೆದೆವು. ಇಬ್ಬರು ಎದುರುಬದುರಾದರೆ ಒಬ್ಬರು ಹೊರಗೆ ಬರಬೇಕಾದ ಆ ಅಡುಗೆಮನೆ, ಚಿತ್ರದಲ್ಲಿ ಮದುವೆ ಛತ್ರದ ಅಡುಗೆಮನೆಯಂತೆ ಕಂಡಿತು. ಮನೆ ಬಾಡಿಗೆಯ ಜಾಹೀರಾತುಗಳಲ್ಲಿ ಬಸವೇಶ್ವರನಗರದ ಸಣ್ಣ ಕೋಣೆಗಳೆಲ್ಲ ಅರಮನೆಯಂತೆ ಕಾಣುವ ಗುಟ್ಟು ಅಂದು ನಮಗೆ ತಿಳಿಯಿತು. ಲೆನ್ಸು ಹೇಳುವುದೆಲ್ಲ ನಿಜವಲ್ಲ ಎಂಬುದೂ ಅಂದೇ ತಿಳಿಯಬೇಕಿತ್ತು. ತಿಳಿಯಲಿಲ್ಲ.

ರಾತ್ರಿಯ ರೈಲಿನಲ್ಲಿ ವಿಜಯಪುರಕ್ಕೆ ಹೋದೆವು. ಮುಹಮ್ಮದ್ ಆದಿಲ್‌ಶಾಹನ ಸಮಾಧಿಯ ಮೇಲೆ 17ನೇ ಶತಮಾನದಲ್ಲಿ ಎದ್ದ ಆ ಗುಮ್ಮಟದ ಒಳ ಅಡ್ಡಳತೆ ಸುಮಾರು 124 ಅಡಿ. ನಡುವೆ ಒಂದೇ ಒಂದು ಕಂಬವಿಲ್ಲ. ನಾಲ್ಕು ಮೂಲೆಗಳಲ್ಲಿ ಏಳು ಅಂತಸ್ತಿನ ಗೋಪುರಗಳು, ಅವುಗಳೊಳಗೆ ಕಡಿದಾದ ಮೆಟ್ಟಿಲುಗಳು. ಅರವತ್ತೊಂದರ ಅಮ್ಮ ಪ್ರತಿ ಅಂತಸ್ತಿನಲ್ಲೂ ಕೂತು ದಣಿವಾರಿಸಿಕೊಂಡು ಮೇಲೆ ಬಂದರು. ಪಿಸುಮಾತಿನ ಗ್ಯಾಲರಿಯಲ್ಲಿ ಗೋಡೆಗೆ ಬಾಯಿ ಹಚ್ಚಿ ನಮ್ಮಿಬ್ಬರ ಹೆಸರನ್ನೂ ಕರೆದರು. ಎದುರು ಬದಿಯಲ್ಲಿ ನಿಂತಿದ್ದ ನಮಗೆ ಅದು ಪಕ್ಕದಲ್ಲೇ ಕರೆದಂತೆ ಕೇಳಿಸಿತು.

ಮೊದಲು ಎದುರು ಬದಿಯಿಂದಲೇ ಅಮ್ಮನ ಚಿತ್ರ ತೆಗೆದೆವು. ಗುಮ್ಮಟವೆಲ್ಲ ಹಿಡಿಯಿತು, ಅಮ್ಮ ಮಾತ್ರ ಸಾಸಿವೆ ಕಾಳಿನಷ್ಟಾದರು. ಅಗಲ ಲೆನ್ಸಿನ ಗುಣವೇ ಅದು. ಹತ್ತಿರದ್ದನ್ನು ದೊಡ್ಡದು ಮಾಡುತ್ತದೆ, ದೂರದ್ದನ್ನು ಇನ್ನಷ್ಟು ದೂರಕ್ಕೆ ತಳ್ಳುತ್ತದೆ. ಹಾಗಾಗಿ ಅವರ ಪಕ್ಕಕ್ಕೇ ಬಂದೆವು. ಗುಮ್ಮಟವನ್ನು ಚಿತ್ರದ ನಡುವಿಗೆ ತಂದು, ಅಮ್ಮನನ್ನು ಎಡ ಅಂಚಿಗೆ ನಿಲ್ಲಿಸಿ, ಲೆನ್ಸನ್ನು 10ಕ್ಕೆ ತಿರುಗಿಸಿ ತೆಗೆದೆವು. ಕ್ಯಾಮರಾದ ಪುಟ್ಟ ಪರದೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕಂಡಿತು.

ಮರುದಿನ ಕಲಬುರಗಿಗೆ ಹೋದೆವು. ಅಲ್ಲಿನ ಕೋಟೆಯೊಳಗಿನ ಜಾಮಿಯಾ ಮಸೀದಿ 1367ರದು. ಬಹುತೇಕ ಮಸೀದಿಗಳಂತೆ ಇದಕ್ಕೆ ತೆರೆದ ಅಂಗಳವಿಲ್ಲ, ಸುಮಾರು 216 ಅಡಿ ಉದ್ದ 176 ಅಡಿ ಅಗಲದ ಇಡೀ ಕಟ್ಟಡಕ್ಕೆ ಮಾಡು ಇದೆ. ಕಮಾನಿನ ಹಿಂದೆ ಕಮಾನು, ಅದರ ಹಿಂದೆ ಮತ್ತೊಂದು. ಕ್ಯಾಮರಾವನ್ನು ಸ್ವಲ್ಪ ಮೇಲಕ್ಕೆ ಎತ್ತಿದರೂ ಕಂಬಗಳು ಒಳಕ್ಕೆ ವಾಲುತ್ತವೆ. ನೆಲಕ್ಕೆ ಸಮನಾಗಿ ಹಿಡಿದರೆ ಎಲ್ಲವೂ ನೆಟ್ಟಗೆ ನಿಲ್ಲುತ್ತವೆ. ಗೆರೆಗಳನ್ನು ಸರಿಹೊಂದಿಸುವುದರಲ್ಲಿ ನಾವು ಮುಳುಗಿಹೋಗಿದ್ದೆವು. ಸಾಲಿನ ನಡುವೆ ಕಾಲು ಚಾಚಿ ಕೂತಿದ್ದ ಅಮ್ಮ ಅಡ್ಡ ಬಂದರು. ‘ಅಮ್ಮಾ, ಸ್ವಲ್ಪ ಪಕ್ಕಕ್ಕೆ ಹೋಗಮ್ಮ’ ಎಂದೆವು. ಅವರು ಮೊಣಕಾಲು ಹಿಡಿದುಕೊಂಡು ಎದ್ದು ಪಕ್ಕಕ್ಕೆ ಹೋದರು. ಚಿತ್ರ ಚೆನ್ನಾಗಿ ಬಂತು.

ಮನೆಗೆ ಬಂದು ಕಂಪ್ಯೂಟರಿನಲ್ಲಿ ಗೋಲಗುಂಬಜದ ಚಿತ್ರ ತೆರೆದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ‘ಇದೇನ್ರೋ, ನನ್ನ ತಲೇನ ಕುಂಬಳಕಾಯಿ ಮಾಡಿಬಿಟ್ಟಿದ್ದೀರಿ’ ಎಂದು ನಕ್ಕರು. ಹೌದು, ಮುಖ ಅಂಚಿನ ಕಡೆಗೆ ಎಳೆದ ಹಿಟ್ಟಿನಂತೆ ಉದ್ದವಾಗಿತ್ತು. ‘ಇದು ನಾನಲ್ಲ ಬಿಡಿ’ ಎಂದು ಎದ್ದು ಹೋದರು. ಪ್ರಿಂಟ್ ಹಾಕಿಸುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಏಕೆ ಹೀಗಾಗುತ್ತದೆ? ಇಂಥ ಲೆನ್ಸುಗಳು ನೇರ ಗೆರೆಯನ್ನು ನೇರವಾಗಿಯೇ ಉಳಿಸಲು ಯತ್ನಿಸುತ್ತವೆ. ಗೋಡೆ, ಕಂಬ, ಬಾಗಿಲುಗಳು ಬಾಗದಿರಲು ಅಂಚಿನಲ್ಲಿರುವುದನ್ನೆಲ್ಲ ಹೊರಕ್ಕೆ ಎಳೆಯಬೇಕಾಗುತ್ತದೆ. ಗೋಡೆಯನ್ನು ಎಳೆದರೆ ಯಾರಿಗೂ ತಿಳಿಯುವುದಿಲ್ಲ, ಮುಖವನ್ನು ಎಳೆದರೆ ಎಲ್ಲರಿಗೂ ತಿಳಿಯುತ್ತದೆ. ಈಗ ಅನೇಕ ಮೊಬೈಲುಗಳಲ್ಲೂ 0.5 ಎಂಬ ಅಗಲ ನೋಟ ಇದೆ. ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ಅದರಲ್ಲಿ ತೆಗೆಯುವವರು ಒಮ್ಮೆ ತುದಿಯಲ್ಲಿ ನಿಂತವರನ್ನು ಗಮನಿಸಲಿ. ಬಹಳ ಸಲ ಅಲ್ಲಿರುವುದು ಅಡುಗೆಮನೆಯಿಂದ ಕೊನೆಗೆ ಓಡಿ ಬಂದವರು, ಇಲ್ಲವೇ ಕರೆಯದೆ ಸೇರಲು ಸಂಕೋಚಪಟ್ಟವರು. ಅಂಚಿನಲ್ಲಿದ್ದವರ ಮುಖ ವಿಕಾರವಾಗಿ ಕಂಡರೆ ತಪ್ಪು ಅವರ ಮುಖದ್ದಲ್ಲ, ಅವರನ್ನು ಅಲ್ಲಿ ನಿಲ್ಲಿಸಿದವರದು.

ಮತ್ತೊಮ್ಮೆ ವಿಜಯಪುರಕ್ಕೆ ಹೋಗಿ ಸರಿಯಾಗಿ ತೆಗೆಯೋಣವೆಂದು ಅಂದುಕೊಂಡೆವು. ಎರಡು ವರ್ಷದಲ್ಲಿ ಅಮ್ಮನ ಮೊಣಕಾಲು ಕೈಕೊಟ್ಟಿತು. ಇನ್ನು ಮೆಟ್ಟಿಲು ಹತ್ತಬಾರದು ಎಂದು ವೈದ್ಯರು ಹೇಳಿದರು. ಪಿಸುಮಾತಿನ ಗ್ಯಾಲರಿಗೆ ಬೇರೆ ದಾರಿ ಇಲ್ಲ.

2023ರ ಒಂದು ಭಾನುವಾರ ಅಮ್ಮನೇ ಕೇಳಿದರು, ‘ದೊಡ್ಡ ಆಲದ ಮರಕ್ಕೆ ಮೆಟ್ಟಿಲು ಇಲ್ಲವಲ್ಲ?’ ವಿಜಯನಗರದಿಂದ ಮೆಟ್ರೋದಲ್ಲಿ ಕೆಂಗೇರಿಗೆ ಹೋದೆವು. 2021ರಲ್ಲಿ ಆ ಮಾರ್ಗ ತೆರೆದ ಮೇಲೆ ಅಮ್ಮನಂಥವರಿಗೆ ಪ್ರಯಾಣ ಸುಲಭವಾಗಿದೆ, ನಿಲ್ದಾಣಗಳಲ್ಲಿ ಲಿಫ್ಟ್ ಇದೆ. ಅಲ್ಲಿಂದ ಆಟೋದಲ್ಲಿ ರಾಮೋಹಳ್ಳಿ ಬಳಿಯ ಕೇತೋಹಳ್ಳಿ ತಲುಪಿದೆವು. ಸುಮಾರು ನಾನೂರು ವರ್ಷದ್ದೆನ್ನಲಾದ ಈ ಆಲ ಮೂರು ಎಕರೆಯಷ್ಟು ಹರಡಿದೆ. ಅದರ ಮೂಲ ಕಾಂಡ ರೋಗ ತಗಲಿ 2000ದ ಹೊತ್ತಿಗೆ ಸತ್ತುಹೋಯಿತು. ಇಳಿದ ಬಿಳಲುಗಳೇ ಈಗ ಕಾಂಡಗಳಾಗಿ ನಿಂತಿವೆ. ಇದನ್ನು ಹೇಳಿದಾಗ ಅಮ್ಮ ಸುತ್ತ ನೋಡಿ, ‘ಹಾಗಾದರೆ ಇದರಲ್ಲಿ ಈಗ ತಾಯಿ ಯಾವುದೋ?’ ಎಂದರು. ನಮಗೆ ಉತ್ತರ ಹೊಳೆಯಲಿಲ್ಲ.

ಇಡೀ ಮರವನ್ನು ಹಿಡಿಯಲು 10 ಮಿ.ಮೀ. ಕೂಡ ಸಾಲದು. ಈ ಸಲ ಆ ಹಟವನ್ನೂ ಮಾಡಲಿಲ್ಲ. ಅಮ್ಮ ಒಂದು ಕಲ್ಲಿನ ಮೇಲೆ ಕೂತರು. ಲೆನ್ಸನ್ನು 14ಕ್ಕೆ ಇಟ್ಟು, ಕ್ಯಾಮರಾವನ್ನು ಅವರ ಮುಖದ ಎತ್ತರಕ್ಕೆ ತಂದು, ಮುಖ ಚಿತ್ರದ ನಟ್ಟನಡುವೆ ಬರುವಂತೆ ಐದಾರು ಅಡಿ ದೂರದಲ್ಲಿ ಕೂತೆವು. ಎರಡೂ ಬದಿಯ ಬಿಳಲುಗಳು ಅಂಚಿನತ್ತ ಎಳೆದುಕೊಂಡು ಇನ್ನಷ್ಟು ಭಾರಿಯಾಗಿ ಕಂಡವು. ಬಿಳಲು ಎಷ್ಟು ದಪ್ಪವಿತ್ತೆಂದು ಯಾರು ಕೇಳುತ್ತಾರೆ? ಅಷ್ಟು ಹತ್ತಿರ ಕೂತರೆ ಮಾತಾಡದೆ ಇರಲೂ ಆಗುವುದಿಲ್ಲ. ಕೋತಿಯೊಂದು ನಮ್ಮ ಚೀಲದತ್ತ ಬರುತ್ತಿದ್ದುದನ್ನು ಕಂಡು ಅಮ್ಮ ಗದರಿಸಿ ನಕ್ಕ ಗಳಿಗೆಯಲ್ಲಿ ಕ್ಲಿಕ್ಕಿಸಿದೆವು.

ಆ ಚಿತ್ರ ಈಗ ಮೊಳೆಯಲ್ಲಿ ತೂಗುತ್ತಿದೆ. ಅದನ್ನು ಹಾಕಿದ ದಿನ ಅಮ್ಮ, ‘ಗುಂಬಜದ್ದೂ ಒಂದು ಹಾಕ್ರೋ, ನಾನಿಲ್ಲದ್ದು’ ಎಂದರು. ಹುಡುಕಿದಾಗ ಬರೇ ಗುಮ್ಮಟದ ಒಂದು ಚಿತ್ರ ಸಿಕ್ಕಿತು. ಆದರೆ ಅಗಲ ಲೆನ್ಸು ಬೇಡವೆಂದರೂ ಏನಾದರೊಂದನ್ನು ಒಳಗೆ ಸೇರಿಸಿಕೊಂಡುಬಿಡುತ್ತದೆ. ಎಡಗಡೆಯ ಕೆಳಮೂಲೆಯಲ್ಲಿ ಅಮ್ಮನ ಸೆರಗಿನ ತುದಿ ಇತ್ತು. ಅಂಗಡಿಯವರು ಕತ್ತರಿಸಿ ತೆಗೆಯಲೇ ಎಂದು ಕೇಳಿದರು. ಬೇಡ, ಹಾಗೆಯೇ ಇರಲಿ ಎಂದೆವು.