ಕ್ಯಾತೇದೇವರ ಗುಡಿಯಲ್ಲಿ ಎರಡು ರಾತ್ರಿ

ಹುಲಿಯನ್ನು ನೋಡಿ ಬರುವೆನೆಂದು ಮನೆಯಲ್ಲಿ ಮಗಳಿಗೆ ಮಾತುಕೊಟ್ಟು ಹೊರಟವನು ನಾನು. ಹುಲಿಯನ್ನು ಕಾಣದೆಯೇ ಹಿಂದಿರುಗಿದೆನು. ಆದರೂ ಬರಿಗೈಯಲ್ಲಿ ಬರಲಿಲ್ಲವೆಂಬುದನ್ನು ವಾಚಕರಿಗೆ ಅರಿಕೆಮಾಡಲು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಚಾಮರಾಜನಗರದಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವ ಕಾಡುದಾರಿಯಲ್ಲಿ ಕ್ಯಾತೇದೇವರ ಗುಡಿ ಎಂಬ ಸ್ಥಳವಿದೆ. ಜನರ ಬಾಯಲ್ಲಿ ಅದು 'ಕೆ. ಗುಡಿ'. ೧೯೮೦ರಲ್ಲಿ ಸ್ಥಾಪಿತವಾದ ನಮ್ಮ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಬಿಡಾರಗಳಲ್ಲಿ ಒಂದು ಇಲ್ಲಿಯೇ ಇರುವುದು. ಮರಗಳ ನಡುವೆ ಕೆಲವು ಡೇರೆಗಳು, ಮರದ ಕುಟೀರಗಳು, ಒಂದು ಊಟದ ಚಾವಡಿ. ಜಿಂಕೆಗಳೂ ಕಾಡುಹಂದಿಗಳೂ ಅಂಗಳದಲ್ಲಿಯೇ ಮೇಯುತ್ತವೆ. ಪಶ್ಚಿಮಘಟ್ಟವೂ ಪೂರ್ವಘಟ್ಟವೂ ಕೈಹಿಡಿಯುವ ಎಡೆ ಇದು. ಸುಮಾರು ೫೪೦ ಚದರ ಕಿಲೋಮೀಟರಿನೊಳಗೆ ಅಡಿವಾರದ ಕುರುಚಲಿನಿಂದ ನೆತ್ತಿಯ ಶೋಲೆಗಳವರೆಗೆ ಎಲ್ಲ ಬಗೆಯ ಕಾಡೂ ಉಂಟು. ೧೯೭೪ರಲ್ಲಿ ವನ್ಯಧಾಮವಾದ ಈ ಅರಣ್ಯವು ೨೦೧೧ರಲ್ಲಿ ಹುಲಿ ರಕ್ಷಿತಾರಣ್ಯವಾಯಿತು.

ನಮಗೆ ದಾರಿ ತೋರಿಸಲು ಬಂದವರು ಅರುವತ್ತು ದಾಟಿದ ಒಬ್ಬ ಸೋಲಿಗರು. ಸೋಲಿಗರಿಗೆ ಬೆಟ್ಟದ ರಂಗನಾಥನು ದೇವರು ಮಾತ್ರವಲ್ಲ, ಭಾವ. ತಮ್ಮ ಕುಲದ ಕುಸುಮಾಲೆಯನ್ನು ಅವನು ವರಿಸಿದನೆಂದು ಅವರ ನಂಬಿಕೆ. ಬೀಗರ ಮನೆಯಲ್ಲಿ ಓಡಾಡುವವರಂತೆ ಈ ಯಜಮಾನರು ಕಾಡಿನಲ್ಲಿ ಓಡಾಡುತ್ತಿದ್ದರು.

ಮೊದಲನೆಯ ಬೆಳಗ್ಗೆ ಪುಷ್ಯದ ಚಳಿಯಲ್ಲಿ ಜೀಪು ಹೊರಟಿತು. ಮಂಜಿನೊಳಗೆ ಜಿಂಕೆಯೊಂದು ಕೂಗಿತು. 'ಹುಲಿಯೇ?' ಎಂದೆನು. ಯಜಮಾನರು ನಕ್ಕರು. "ಜಿಂಕೆ ಎಲೆ ಅಲುಗಿದರೂ ಕೂಗ್ತದೆ, ಸ್ವಾಮಿ. ಕಡವೆ ಹಾಗಲ್ಲ. ಅದು ಕೂಗಿದರೆ ನಂಬಬಹುದು." ಅರ್ಧ ಘಂಟೆ ಕಾದೆವು. ಕಡವೆ ಕೂಗಲಿಲ್ಲ. ಆದರೆ ಆ ಅರ್ಧ ಘಂಟೆಯಲ್ಲಿ ಅವರು ಮತ್ತಿಯ ಮರದ ಮೇಲೆ ಉಗುರು ಮಸೆದ ಕರಡಿಯ ಗೀರನ್ನೂ, ಕೊಂಬೆಯ ತುದಿಯಲ್ಲಿ ಕೆಂದಳಿಲು ಕಟ್ಟಿದ ಗೂಡನ್ನೂ, ಕಾಟಿಗಳು ದಾಟಿಹೋದ ಗೊರಸಿನ ಗುರುತನ್ನೂ ತೋರಿಸಿದರು. ನನ್ನ ಕಣ್ಣಿಗೆ ಬರಿಯ ಹಸುರಾಗಿದ್ದುದು ಅವರಿಗೆ ಬರೆದಿಟ್ಟ ಲೆಕ್ಕದ ಪುಸ್ತಕವಾಗಿದ್ದಿತು.

ಸಂಜೆ ತಿರುವೊಂದರಲ್ಲಿ ಮರಿಯೊಡನೆ ಹೆಣ್ಣಾನೆಯೊಂದು ಎದುರಾಯಿತು. ಚಿತ್ರ ತೆಗೆಯುವ ಆಸೆಯಿಂದ ನಾನು ಥಟ್ಟನೆ ಎದ್ದುನಿಂತೆನು. ತಪ್ಪು ನನ್ನದೇ. ಆನೆ ಕಿವಿಗಳನ್ನು ಮೊರದಂತೆ ಅಗಲಿಸಿ, ಘೀಳಿಟ್ಟು, ಧೂಳೆಬ್ಬಿಸುತ್ತ ನುಗ್ಗಿಬಂದಿತು. ಚಾಲಕನ ಕೈ ಗಾಡಿಯ ಬೀಗದಕೈಯನ್ನು ಹಿಡಿಯಿತು. ಯಜಮಾನರು ಅವನ ಕೈಯನ್ನು ಅದುಮಿ ಹಿಡಿದು, ನನ್ನನ್ನು ಕುಳ್ಳಿರಿಸಿ, "ಸುಮ್ಮನಿರಿ" ಎಂದರು. ಹತ್ತು ಮಾರು ದೂರದಲ್ಲಿ ಆನೆ ನಿಂತಿತು, ತಲೆ ಒದರಿತು, ಮರಿಯನ್ನು ಮುಂದೆಮಾಡಿಕೊಂಡು ಬಿದಿರಿನೊಳಗೆ ಮರೆಯಾಯಿತು. ಆಮೇಲೆ ಅವರೆಂದರು: "ಕಿವಿ ಅಗಲಿಸಿ ಬಂದರೆ ಹೆದರಿಸೋಕೆ. ಕಿವಿ ಹಿಂದಕ್ಕೆ ಮಡಚಿ, ಸೊಂಡಿಲು ಸುತ್ತಿಕೊಂಡು, ಸದ್ದಿಲ್ಲದೆ ಬಂದಿದ್ದರೆ ಮಾತು ಬೇರೆ." ನನ್ನ ಕೈಕಾಲು ಬಿಡಾರ ಸೇರುವವರೆಗೂ ನಡುಗುತ್ತಲೇ ಇದ್ದವು.

ರಾತ್ರಿ ಬೆಂಕಿಯ ಮುಂದೆ ಕುಳಿತು ಅವರು ಬೇರೊಂದು ಬೆಂಕಿಯ ಮಾತೆತ್ತಿದರು. ಅವರು ಹುಡುಗರಾಗಿದ್ದಾಗ ತಂದೆ ಅಜ್ಜಂದಿರು ಬೇಸಗೆಗೆ ಮುನ್ನವೇ ತರಗಿಗೆ ಬೆಂಕಿ ಇಡುತ್ತಿದ್ದರು. ಅದು ತಗ್ಗಾಗಿ ಹರಿದು ಆರಿಹೋಗುತ್ತಿದ್ದಿತು. ಹೊಸ ಹುಲ್ಲು ಚಿಗುರುತ್ತಿದ್ದಿತು. ವನ್ಯಧಾಮವಾದಮೇಲೆ ಬೇಸಾಯವೂ ಬೆಂಕಿಯೂ ನಿಂತವು. ಅಲ್ಲಲ್ಲಿ ಚದುರಿದ್ದ ಸೋಲಿಗರು ಪೋಡುಗಳಲ್ಲಿ ನೆಲೆನಿಂತರು. ಹೊರನಾಡಿನಿಂದ ಬಂದ ಲಂಟಾನದ ಪೊದೆ ಕಾಡನ್ನೆಲ್ಲ ಕವಿಯಿತು, ನೆಲ್ಲಿಯ ಮರಗಳನ್ನು ಬಂದಣಿಕೆ ಹಿಡಿಯಿತು ಎಂಬುದು ಅವರ ಸಂಕಟ. ವಿಜ್ಞಾನಿಗಳು ಈ ಮಾತನ್ನು ಈಗ ಕಿವಿಗೊಟ್ಟು ಕೇಳಿ ಬರೆದಿಟ್ಟಿದ್ದಾರೆ. ೨೦೦೬ರ ಅರಣ್ಯಹಕ್ಕು ಕಾಯಿದೆಯ ಮೇರೆಗೆ ಇಲ್ಲಿಯ ಅನೇಕ ಪೋಡುಗಳಿಗೆ ೨೦೧೧ರಲ್ಲಿ ಸಮುದಾಯದ ಹಕ್ಕುಗಳೂ ದೊರೆತುವು. ಆದರೂ ಯಜಮಾನರು ನಿಟ್ಟುಸಿರಿಟ್ಟು ಹೇಳಿದರು: "ನಮ್ಮಪ್ಪ ನಡೆದ ದಾರಿಯ ಹೆಸರೆಲ್ಲ ನನಗೆ ಗೊತ್ತು, ಸ್ವಾಮಿ. ದಾರಿ ತೋರಿಸೋಣ ಅಂದರೆ ಮುಳ್ಳು ಮುಚ್ಚಿಬಿಟ್ಟಿದೆ."

ಅಂಥ ಬಿಡಾರಕ್ಕೆ ಹೋಗುವ ಗೃಹಸ್ಥರಿಗೆ ನನ್ನದೊಂದೇ ಸಲಹೆ. ಪ್ರಾಣಿಗಳನ್ನು ಲೆಕ್ಕ ಹಾಕುವುದನ್ನು ಬಿಟ್ಟು, ಜೊತೆಗಿರುವ ಮನುಷ್ಯನ ಮಾತನ್ನು ಕೇಳಿರಿ. ಕಾಡಿನಲ್ಲಿ ಅವನು ಹೇಳಿದಂತೆ ನಡೆಯಿರಿ.

ಮನೆಗೆ ಬಂದು ಮಗಳ ಕೈಗೆ ನಾಲ್ಕು ಬೆಟ್ಟದ ನೆಲ್ಲಿಕಾಯಿಗಳನ್ನು ಕೊಟ್ಟು ನಡೆದುದನ್ನೆಲ್ಲ ಹೇಳಿದೆನು. ಹುಲಿ ಕಾಣಲಿಲ್ಲವೆಂದು ಅವಳು ಮುನಿಯಲಿಲ್ಲ. ನೆಲ್ಲಿಯನ್ನು ಕಚ್ಚಿ, ಮೇಲೆ ನೀರು ಕುಡಿದು, ಅದರ ಸಿಹಿಗೆ ಬೆರಗಾಗಿ, ಸ್ವಲ್ಪ ಹೊತ್ತಿನಮೇಲೆ ಕೇಳಿದಳು:

"ಅಪ್ಪಾ, ಕಡವೆ ಕೂಗು ಯಾವುದು, ಜಿಂಕೆ ಕೂಗು ಯಾವುದು ಅಂತ ಆ ತಾತನ ಮೊಮ್ಮಕ್ಕಳಿಗೂ ಗೊತ್ತೇ?"

ಅದನ್ನು ನಾನು ಕೇಳಿಕೊಂಡು ಬಂದಿರಲಿಲ್ಲ.